ಗರ್ಭಿಣಿಗೆ ಸೂರಿಲ್ಲದಿದ್ದರೆ: ಕೊಡಗಿನಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ಮಡಿಕೇರಿಯ ಒಂದು ಪರಿಹಾರ ಕೇಂದ್ರಕ್ಕೆ ನಾನು ಅಡುಗೆಗೆ ಕೈಜೋಡಿಸಲು ಹೋದವಳು. ಮೂರನೇ ದಿನಕ್ಕೆ ಸೌಟು ಬಿಟ್ಟು ಗರ್ಭಿಣಿಯರ ಪಟ್ಟಿ ಹಿಡಿದು ಓಡಾಡುತ್ತಿದ್ದೆ. ಅಲ್ಲಿಂದ ಶುರುವಾಗಿದ್ದು ಇನ್ನೂ ನಿಂತಿಲ್ಲ. ಆದಿವಾಸಿಗಳ ಹಾಡಿಗಳಲ್ಲಿ, ತೋಟದ ಕೂಲಿಯವರು ಇರುವ ಲೈನ್ ಮನೆಗಳಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಅವರು ಕೇಳಿದ ಹಾಗೇ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ಆಸ್ಪತ್ರೆಗೆ ಜೊತೆಗೆ ಹೋಗುವವಳು ಅಷ್ಟೆ.

## ಮೊದಲು ಕೇಳುವುದು

ಕೊಡಗಲ್ಲಿ ಫುಟ್‌ಪಾತಲ್ಲಿ ಮಲಗೋರು ಎಲ್ಲಿದ್ದಾರೆ ಅಕ್ಕ? ಮನೆ ಇಲ್ಲದ ಗರ್ಭಿಣಿ ಅಂದ್ರೆ ಯಾರು?

ಬೆಂಗಳೂರಿನ ಫ್ಲೈಓವರ್ ಕೆಳಗಿನ ಚಿತ್ರ ಇಟ್ಟುಕೊಂಡು ಇಲ್ಲಿ ಹುಡುಕಿದರೆ ಯಾರೂ ಸಿಗುವುದಿಲ್ಲ. 2011ರ ಜನಗಣತಿ ಲೆಕ್ಕ ಹಾಕಿದ್ದೂ ಅಂಥವರನ್ನೇ, ಬಯಲಲ್ಲಿ, ರಸ್ತೆ ಬದಿಯಲ್ಲಿ, ಪೈಪಿನೊಳಗೆ ಮಲಗುವವರನ್ನು. ದೇಶಕ್ಕೆಲ್ಲ ಸೇರಿ 17.7 ಲಕ್ಷ ಅಂತ ಬಂತು. ನಮ್ಮಲ್ಲಿ ಸೂರಿಲ್ಲದವರು ಮರೆಯಲ್ಲಿರುತ್ತಾರೆ. ಕಾಫಿ ಕೊಯ್ಲು ಮುಗಿದು ಲೈನ್ ಮನೆ ಖಾಲಿ ಮಾಡಿ ಅಂತ ಹೇಳಿಸಿಕೊಂಡವಳು. ಗಂಡ ಹೊರಗೆ ಹಾಕಿದ ಮೇಲೆ ಚಿಕ್ಕಮ್ಮನ ಮನೆಯ ಜಗಲಿಯಲ್ಲಿ ಮಲಗುವವಳು. ಟಾರ್ಪಲ್ ಶೆಡ್ಡಿನಲ್ಲಿ ಇರುವವಳು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತರಲ್ಲ, ಅಲ್ಲಿನ ನೂರಾರು ಕುಟುಂಬಗಳಲ್ಲೂ ಬಸುರಿಯರು ಇರಲಿಲ್ಲವೇ? 2018ರಲ್ಲಿ ಮನೆ ಕಳೆದುಕೊಂಡ ಹಲವರಿಗೆ ಜಂಬೂರು, ಮದೆನಾಡಿನಲ್ಲಿ ಹೊಸ ಮನೆ ಕೈಗೆ ಬಂದಿದ್ದು 2020ರ ಜೂನ್‌ನಲ್ಲಿ. ಲೆಕ್ಕ ಹಾಕಿ, 22 ತಿಂಗಳು. ಅಷ್ಟರಲ್ಲಿ ಒಬ್ಬಳು ಬಸುರಾಗಿ, ಹೆತ್ತು, ಮಗುವಿಗೆ ನಡೆಯುವುದನ್ನೂ ಕಲಿಸಿರುತ್ತಾಳೆ.

ನಾನು ಇಟ್ಟುಕೊಂಡಿರುವ ಅಳತೆ ಸುಲಭದ್ದು. ಹೆರಿಗೆ ಆದ ಮೇಲೆ ಈ ಮಗುವನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀಯ ಅಂತ ಕೇಳುತ್ತೇನೆ. ಅವಳು ಸುಮ್ಮನಾದರೆ ಅವಳಿಗೆ ಮನೆ ಇಲ್ಲ.

ಬಡವರ ಮಕ್ಕಳು ಹೇಗೂ ಸಣ್ಣಗೇ ಹುಟ್ತಾವಲ್ವಾ? ಮನೆ ಇಲ್ಲ ಅನ್ನೋದ್ರಿಂದ ಬೇರೆ ಏನಾಗುತ್ತೆ?

ಬಡತನ ಒಂದು ಭಾರ. ಅದರ ಮೇಲೆ ಸೂರಿಲ್ಲದ್ದು ಇನ್ನೊಂದು. ಅಮೆರಿಕ, ಕೆನಡಾದಲ್ಲಿ ಇದನ್ನು ಚೆನ್ನಾಗಿಯೇ ಅಳೆದು ನೋಡಿದ್ದಾರೆ. ಮನೆ ಇಲ್ಲದ ಗರ್ಭಿಣಿಯರಿಗೆ 37 ವಾರಕ್ಕೆ ಮೊದಲೇ ಹೆರಿಗೆಯಾಗುವುದು, ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಮಗು ಹುಟ್ಟುವುದು ಜಾಸ್ತಿ ಅಂತ ಕಂಡಿದೆ. ಇನ್ನೊಂದು ಮಾತು ನನಗೆ ಮುಖ್ಯ ಅನ್ನಿಸಿದ್ದು: ಹುಟ್ಟುವ ಮೊದಲೂ ಹುಟ್ಟಿದ ಮೇಲೂ ಮನೆ ಇಲ್ಲದೆ, ಅದೂ ಆರು ತಿಂಗಳಿಗಿಂತ ಜಾಸ್ತಿ ಕಳೆದ ಮಕ್ಕಳ ಆರೋಗ್ಯವೇ ಎಲ್ಲಕ್ಕಿಂತ ಹದಗೆಟ್ಟಿತ್ತು. ಅಂದರೆ ಒಂದು ತಿಂಗಳು ಮೊದಲೇ ಸೂರು ಸಿಕ್ಕರೆ ಅದೂ ಲೆಕ್ಕಕ್ಕೆ ಬರುತ್ತದೆ.

ಆ ಊರುಗಳ ಚಳಿ, ಕಾನೂನು, ಆಸ್ಪತ್ರೆ ಬೇರೆ, ನಿಜ. ಬಸುರಿಯ ಮೈ ಬೇರೆ ಅಲ್ಲ.

ನಮ್ಮಜ್ಜಿ ಗದ್ದೆ ಬದುವಲ್ಲೇ ಹೆತ್ತರು, ಏನೂ ಆಗ್ಲಿಲ್ಲ. ಈಗ್ಯಾಕೆ ಇಷ್ಟು ಗಾಬರಿ?

ಏನೂ ಆಗದ ಅಜ್ಜಿಯರು ಮಾತ್ರ ಕತೆ ಹೇಳಲು ಉಳಿದರು. ಹೆರಿಗೆಯಾದ ಮೊದಲ 24 ಗಂಟೆಯಲ್ಲಿ ರಕ್ತ ನಿಲ್ಲದೆ ಹೋದರೆ ಎರಡು ಗಂಟೆಯೊಳಗೂ ತಾಯಿ ಹೋಗಬಹುದು. ಬದುವಿನ ಮೇಲೆ ಅದಕ್ಕೆ ಔಷಧಿ ಇರಲಿಲ್ಲ.

## ತಾಯಿಯ ಮೈ

ರಾತ್ರಿ ಹೊರಗೆ ಹೋಗಕ್ಕೆ ಭಯ, ಅದಕ್ಕೆ ನೀರೇ ಕುಡಿಯಲ್ಲ. ಇದ್ರಿಂದ ಮಗುಗೆ ತೊಂದ್ರೆನಾ?

ಹೌದು, ತೊಂದರೆ ಇದೆ. ಎಲ್ಲರೂ ಊಟದ ಬಗ್ಗೆ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಪರಿಹಾರ ಕೇಂದ್ರದಲ್ಲಿ ಏಳು ತಿಂಗಳ ಬಸುರಿ ಒಬ್ಬಳಿದ್ದಳು. ಶಾಲೆಯ ಕೋಣೆ, ನಾಲ್ಕು ಬೆಂಚು ಜೋಡಿಸಿ ಅವಳಿಗೊಂದು ಮಂಚ ಮಾಡಿದ್ದೆವು. ಸಂಜೆ ಆರಾದರೆ ಅವಳ ಲೋಟ ಮಗುಚಿ ಇಟ್ಟಿರುತ್ತಿತ್ತು. ಯಾಕೆ ಅಂದರೆ ನಕ್ಕಳು, ಹೇಳಲಿಲ್ಲ. ಪಕ್ಕದ ಅಜ್ಜಿ ಹೇಳಿದರು: ಶೌಚಾಲಯ ಮೈದಾನದ ಆಚೆ, ಕರೆಂಟಿಲ್ಲ, ಕೆಸರಿನಲ್ಲಿ ಜಾರಿದರೆ ಅಂತ ಹೆದರಿಕೆ, ಜೊತೆಗೆ ಬಾಗಿಲ ಹೊರಗೆ ಗಂಡಸರು ಮಲಗಿದ್ದಾರೆ. ಸಿದ್ದಾಪುರದ ಕಡೆ ಶೆಡ್ಡುಗಳಲ್ಲಿ ಇದೇ ಕತೆ, ಗಂಡಸರ ಜಾಗದಲ್ಲಿ ಆನೆ ಇರುತ್ತದೆ ಅಷ್ಟೆ.

ಬಸುರಿನಲ್ಲಿ ಗರ್ಭಕೋಶ ಮೂತ್ರದ ದಾರಿಯನ್ನು ಒತ್ತುತ್ತದೆ, ಮೂತ್ರ ನಿಧಾನವಾಗಿ ಇಳಿಯುತ್ತದೆ. ಅದರ ಮೇಲೆ ನೀರು ಕುಡಿಯದೆ, ಕಟ್ಟಿಕೊಂಡು ಕೂತರೆ ಸೋಂಕು ಬೇಗ ಹಿಡಿಯುತ್ತದೆ. ಮೊದಲು ಉರಿಮೂತ್ರ, ಆಮೇಲೆ ಸೊಂಟದ ಮೇಲೆ ಒಂದು ಕಡೆ ನೋವು, ನಡುಕ, ಜ್ವರ. ಸೋಂಕು ಕಿಡ್ನಿಗೆ ಏರಿದರೆ ಅವಧಿಗೆ ಮೊದಲೇ ನೋವು ಶುರುವಾಗಬಹುದು. ಕೆಲವರಿಗೆ ಉರಿ ಕೂಡ ಇರುವುದಿಲ್ಲ, ಮೂತ್ರ ಪರೀಕ್ಷೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಪ್ರತಿ ಸಲ ಮೂತ್ರ ಪರೀಕ್ಷೆ ಮಾಡಿಸಿ ಅನ್ನುವುದು.

ಹಗಲೇ ಜಾಸ್ತಿ ನೀರು ಕುಡಿಯಿರಿ. ರಾತ್ರಿಗೆ ಮುಚ್ಚಳ ಇರುವ ಒಂದು ಬಕೆಟ್ ಒಳಗೇ ಇಟ್ಟುಕೊಳ್ಳಿ, ನಾಚಿಕೆ ಬೇಡ. ನಾವು ಕೇಂದ್ರದಲ್ಲಿ ಕೊನೆಗೆ ಮಾಡಿದ್ದು ಅದೇ, ಒಂದು ಮೂಲೆಗೆ ಹಳೇ ಸೀರೆ ಕಟ್ಟಿ, ಬಕೆಟ್ ಇಟ್ಟು. ಎಷ್ಟೋ ಲಾರಿ ಅಕ್ಕಿ, ಬೆಡ್‌ಶೀಟ್ ಬಂದಿತ್ತು, ಅದರಲ್ಲಿ ಒಂದು ಬಕೆಟ್ ಇರಲಿಲ್ಲ.

ರಕ್ತ ಕಮ್ಮಿ ಅಂತ ಮಾತ್ರೆ ಕೊಟ್ರು. ಶೆಡ್ಡಲ್ಲಿ ಇದ್ಕೊಂಡು ಎಷ್ಟು ಸರಿಹೋಗುತ್ತೆ?

ಸರಿಹೋಗುತ್ತದೆ, ತಿಂದರೆ. 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತ ಕಮ್ಮಿ ಇತ್ತು, ಹಾಗಾಗಿ ನೀವೊಬ್ಬರೇ ಅಲ್ಲ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಕಮ್ಮಿ, 7ಕ್ಕಿಂತ ಕೆಳಗಿದ್ದರೆ ಮಾತ್ರೆ ಸಾಲದು, ಆಸ್ಪತ್ರೆಯಲ್ಲೇ ಚಿಕಿತ್ಸೆ ಬೇಕು. ಕೆಂಪು ಮಾತ್ರೆ ಬಸುರಿನಲ್ಲಿ ದಿನಕ್ಕೊಂದರಂತೆ 180, ಹೆರಿಗೆ ಆದ ಮೇಲೆ ಮತ್ತೆ 180. ಸೂರಿಲ್ಲದವರಲ್ಲಿ ಎಡವಟ್ಟಾಗುವುದು ಬೇರೆ ಕಡೆ. ಮಳೆಗೆ ಮಾತ್ರೆ ನೆಂದು ಹೋಗುತ್ತದೆ. ಖಾಲಿ ಹೊಟ್ಟೆಗೆ ತಿಂದರೆ ವಾಂತಿ, ಬಿಟ್ಟುಬಿಡುತ್ತಾರೆ. ಬೆಲ್ಲದ ಕಾಫಿ ಜೊತೆಗೇ ನುಂಗುತ್ತಾರೆ, ನಮ್ಮೂರಲ್ಲಿ ಕಾಫಿ ಬಿಡಿ ಅನ್ನಲು ನನಗೂ ಬಾಯಿ ಬರುವುದಿಲ್ಲ, ಆದರೆ ಕಾಫಿ, ಟೀ ಎರಡೂ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ತಡೆಯುತ್ತವೆ. ಕಾಫಿಗೂ ಮಾತ್ರೆಗೂ ಎರಡು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ನುಂಗಬೇಡಿ, ಬೇರೆ ಹೊತ್ತಿಗೆ ತಿನ್ನಿ. ಮಾತ್ರೆಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಸಣ್ಣ ಮಕ್ಕಳ ಕೈಗೆ ಸಿಗಬಾರದು.

ಹಸಿವು ಗೊತ್ತಾಗದಿರಲಿ ಅಂತ ಎಲೆಅಡಿಕೆಗೆ ಹೊಗೆಸೊಪ್ಪು ಹಾಕಿಕೊಳ್ಳುವವರು ತುಂಬಾ ಜನ. ಮಗುವಿನ ತೂಕ ಕಡಿಮೆಯಾಗುವುದಕ್ಕೆ ಅದೂ ಒಂದು ಕಾರಣ.

ಆದಿವಾಸಿ ಹೆಣ್ಣುಮಕ್ಕಳು ಸಿಕಲ್ ಸೆಲ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಅದು ವಂಶದಿಂದ ಬರುವ ರಕ್ತದ ತೊಂದರೆ, ಬರೀ ಕಬ್ಬಿಣದ ಮಾತ್ರೆಯಿಂದ ಸರಿಹೋಗುವುದಲ್ಲ. 2023ರಿಂದ ಇದಕ್ಕೆ ಕೇಂದ್ರದ್ದೇ ಒಂದು ಅಭಿಯಾನ ನಡೆಯುತ್ತಿದೆ.

ಟೆನ್ಷನ್ ಆದ್ರೆ ಹೆರಿಗೆ ಬೇಗ ಆಗುತ್ತಾ? ಇಲ್ಲ ಇದೆಲ್ಲ ಸುಮ್ನೆ ಹೇಳೋದಾ?

ಸುಮ್ನೆ ಹೇಳುವುದಲ್ಲ. ಒಂದು ದಿನ ಜಗಳ ಆಯಿತು ಅಂತ ಮಗು ಬೇಗ ಹುಟ್ಟುವುದಿಲ್ಲ. ಆದರೆ ತಿಂಗಳುಗಟ್ಟಲೆ ನಾಳೆ ಎಲ್ಲಿ ಮಲಗುವುದು ಅನ್ನುವ ಭಯ ಇದ್ದರೆ ಮೈಯಲ್ಲಿ ಕಾರ್ಟಿಸಾಲ್‌ನಂಥ ಹಾರ್ಮೋನು ಇಳಿಯುವುದೇ ಇಲ್ಲ. ಹೆರಿಗೆಯ ಹೊತ್ತು ನಿರ್ಧರಿಸುವುದರಲ್ಲಿ ಇಂಥ ಹಾರ್ಮೋನುಗಳಿಗೂ ಕೈ ಇದೆ. ನಿದ್ದೆ ಕೆಡುವುದು, ಬಿಪಿ ಏರುವುದು ಅದರ ಜೊತೆಗೇ ಬರುತ್ತವೆ. ಹಾಗಾಗಿ "ಟೆನ್ಷನ್ ಮಾಡ್ಕೋಬೇಡಮ್ಮ" ಅಂತ ಹೇಳುವವರನ್ನು ಕಂಡರೆ ನನಗೆ ಸಿಟ್ಟು. ಮಾಡಿಕೊಳ್ಳಬೇಡ ಅಂದರೆ ನಿಲ್ಲುತ್ತದಾ? ಮೂರು ತಿಂಗಳಿಗೆ ಒಂದು ಕೋಣೆ ಕೊಡಿಸಿ, ತಾನಾಗಿ ಕಡಿಮೆಯಾಗುತ್ತದೆ.

ಏನು ಕಂಡ್ರೆ ಬೆಳಗಾಗೋ ತನಕ ಕಾಯಬಾರದು?

ರಕ್ತ ಹೋಗುವುದು. ನೀರು ಒಡೆದು ಹೋಗುವುದು. ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದಿಕೊಳ್ಳುವುದು, ಇವು ಬಿಪಿಯ ಲಕ್ಷಣ, ಫಿಟ್ಸ್‌ಗೆ ತಿರುಗಬಹುದು. ಜ್ವರ. ಮಗುವಿನ ಓಡಾಟ ಕಡಿಮೆಯಾದ ಹಾಗೆ ಅನ್ನಿಸುವುದು. ತಕ್ಷಣ 108ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗದ ಜಾಗವಾದರೆ ಎಲ್ಲಿ ನಿಂತರೆ ಎರಡು ಕಡ್ಡಿ ಸಿಗುತ್ತದೆ ಅಂತ ಏಳನೇ ತಿಂಗಳಲ್ಲೇ ನೋಡಿಟ್ಟುಕೊಳ್ಳಿ. ಜೀಪು ಇರುವವರೊಬ್ಬರ ನಂಬರೂ ಇರಲಿ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ದಿನ ತುಂಬುವುದಾದರೆ ಮುಂಚೆಯೇ ಬಂದು ಆಸ್ಪತ್ರೆಯ ಹತ್ತಿರ ಇರಲು ದಾರಿ ಇದೆಯಾ ಅಂತ ಸಿಸ್ಟರ್ ಹತ್ತಿರ ಕೇಳಿ. ಮರ ಬಿದ್ದ ರಸ್ತೆಯಲ್ಲಿ ಆಂಬ್ಯುಲೆನ್ಸ್ ಏನೂ ಮಾಡಲಾಗುವುದಿಲ್ಲ.

## ಮಗು

ಮಗು ಎರಡು ಕೆಜಿ ಅಷ್ಟೇ. ಡಿಸ್ಚಾರ್ಜ್ ಮಾಡ್ತಾರಂತೆ. ಈ ಚಳೀಲಿ ಶೆಡ್ಡಿಗೆ ಹೇಗೆ ಕರ್ಕೊಂಡು ಹೋಗ್ಲಿ?

ಮೊದಲು, ಡಿಸ್ಚಾರ್ಜ್ ಮಾಡುವ ಡಾಕ್ಟರಿಗೆ "ನಮಗೆ ಮನೆ ಇಲ್ಲ" ಅಂತ ಬಾಯಿಬಿಟ್ಟು ಹೇಳಿ. ಎಷ್ಟೋ ಮಂದಿ ಇದನ್ನು ಹೇಳುವುದೇ ಇಲ್ಲ, ಹಳೇ ವಿಳಾಸ ಬರೆಸಿ ಬರುತ್ತಾರೆ. ಗೊತ್ತಾದರೆ ಅವರು ಇನ್ನೂ ಕೆಲವು ದಿನ ಇಟ್ಟುಕೊಳ್ಳುವುದನ್ನು ಯೋಚಿಸಬಹುದು.

ಆಮೇಲೆ ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಡಾಕ್ಟರುಗಳು ಕಂಡುಕೊಂಡ ಉಪಾಯ ಇದು. ಟೋಪಿ, ಕಾಲುಚೀಲ, ಲಂಗೋಟಿ ಬಿಟ್ಟು ಮಗುವಿಗೆ ಬೇರೆ ಬಟ್ಟೆ ಬೇಡ. ಅಮ್ಮನ ಎದೆಗೆ ನೇರ ನಿಲ್ಲಿಸಿದ ಹಾಗೆ, ಕಪ್ಪೆಯಂತೆ ಕಾಲು ಮಡಚಿ, ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಮೂಗು ಬಾಯಿ ಮುಚ್ಚದ ಹಾಗೆ, ಮೇಲಿಂದ ಸೀರೆಯಲ್ಲಿ ಕಟ್ಟಿಕೊಳ್ಳಿ. ಅದರ ಮೇಲೆ ಸ್ವೆಟರ್ ಹಾಕಿಕೊಳ್ಳಿ. ಎಷ್ಟು ಹೊತ್ತು ಆಗುತ್ತದೋ ಅಷ್ಟು. ಅಮ್ಮನಿಗೆ ಸುಸ್ತಾದರೆ ಅಪ್ಪ, ಅಜ್ಜಿ ಯಾರಾದರೂ ಸರಿ. ಹುಟ್ಟಿದ ಮಗುವಿನ ಮೈ 36.5ರಿಂದ 37.5 ಡಿಗ್ರಿ ಇರಬೇಕು, ಪಾದ ಮುಟ್ಟಿದರೆ ಹೊಟ್ಟೆಯಷ್ಟೇ ಬೆಚ್ಚಗಿರಬೇಕು. ಪಾದ ತಣ್ಣಗಾಗಿದ್ದರೆ ಎಚ್ಚರ. ಪಾದವೂ ಹೊಟ್ಟೆಯೂ ತಣ್ಣಗಾಗಿ ಹಾಲು ಕುಡಿಯದಿದ್ದರೆ ಆಸ್ಪತ್ರೆಗೆ ಓಡಿ, ಎದೆಗೆ ಕಟ್ಟಿಕೊಂಡೇ. ಸ್ನಾನಕ್ಕೆ ಅವಸರ ಬೇಡ.

ಬಾಣಂತಿ ಮಂಚದ ಕೆಳಗೆ ಕೆಂಡ ಇಡ್ತೀವಿ. ಟಾರ್ಪಲ್ ಒಳಗೆ ಇಡಬಹುದಾ?

ಬೇಡ. ಹಳೇ ಮನೆಯಲ್ಲಿ ಹೆಂಚಿನ ಸಂದಿಯಿಂದ ಹೊಗೆ ಹೋಗುತ್ತಿತ್ತು. ಟಾರ್ಪಲ್ ನಾಲ್ಕೂ ಕಡೆ ಎಳೆದು ಕಟ್ಟಿದರೆ ಒಳಗಿನ ಗಾಳಿ ಅಲ್ಲೇ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಟಾರ್ಪಲ್ಲಿಗೆ ಬೆಂಕಿ ಹತ್ತುವುದು ಬೇರೆ. ಒಲೆ ಹೊರಗೆ ಮಾಡಿ, ನೀರು ಕಾಯಿಸಿ ಬಾಟಲಿಗೆ ತುಂಬಿ ಬಟ್ಟೆ ಸುತ್ತಿ ಹಾಸಿಗೆ ಬೆಚ್ಚಗೆ ಮಾಡಿಕೊಳ್ಳಿ, ಮಗು ಮಲಗಿಸುವ ಮೊದಲು ಬಾಟಲಿ ತೆಗೆಯಿರಿ.

ಯಾರೋ ಹಾಲಿನ ಪುಡಿ ಡಬ್ಬ ಕೊಟ್ಟಿದ್ದಾರೆ. ನನಗೆ ಹಾಲು ಸಾಲ್ತಿಲ್ಲ ಅನ್ನಿಸುತ್ತೆ, ಕೊಡ್ಲಾ?

ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಪುಡಿಗೆ ಕುದಿಸಿದ ನೀರು ಬೇಕು, ತೊಳೆದ ಬಾಟಲಿ ಬೇಕು, ತಿಂಗಳಿಗೆ ಇಷ್ಟು ಡಬ್ಬ ಬೇಕು. ಮೂರೂ ಇಲ್ಲದ ಕಡೆ ಮಗುವಿಗೆ ಭೇದಿ ಹಿಡಿಯುತ್ತದೆ. ಡಬ್ಬ ಮುಗಿಯುವಷ್ಟರಲ್ಲಿ ಎದೆಹಾಲೂ ಇಳಿದಿರುತ್ತದೆ. ಹೊಟ್ಟೆ ತುಂಬ ಊಟವಿಲ್ಲದ ತಾಯಿಗೂ ಹಾಲು ಬರುತ್ತದೆ, ಮಗು ಪದೇ ಪದೇ ಚೀಪಿದಷ್ಟೂ ಬರುತ್ತದೆ. ದಿನಕ್ಕೆ ಆರು ಸಲ ಮೂತ್ರ ಮಾಡುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಮೊದಲ ವಾರದಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಆರು ತಿಂಗಳು ನೀರು ಕೂಡ ಬೇಡ. ಹಾಲೂಡಿಸಲು ಮರೆ ಇಲ್ಲದೆಯೇ ಎಷ್ಟೋ ಮಂದಿ ಬಾಟಲಿಗೆ ಹೋಗುವುದು, ಅದಕ್ಕೂ ಒಂದು ಹಳೇ ಸೀರೆ ಸಾಕು.

ಊರೂರು ಬದಲಾಯಿಸ್ತೀವಿ. ಚುಚ್ಚುಮದ್ದು ಎಲ್ಲಿ ಹಾಕಿಸೋದು?

ಯಾವ ಊರಿನ ಅಂಗನವಾಡಿಯಲ್ಲಾದರೂ, ಯಾವ ಪಿಎಚ್‌ಸಿಯಲ್ಲಾದರೂ. ಹುಟ್ಟಿದಾಗ, ಆಮೇಲೆ 6, 10, 14 ವಾರಕ್ಕೆ. ಒಂದು ತಪ್ಪಿದರೆ ಮೊದಲಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಹಾಕುತ್ತಾರೆ.

## ಕಾಗದ, ದುಡ್ಡು, ಕಾನೂನು

ಆಧಾರ್ ಮಣ್ಣಲ್ಲಿ ಹೋಯ್ತು, ವಿಳಾಸ ಇಲ್ಲ. ತಾಯಿ ಕಾರ್ಡ್ ಆಗುತ್ತಾ?

ಆಗುತ್ತದೆ. ನೀವು ಈಗ ಎಲ್ಲಿ ಮಲಗುತ್ತೀರೋ ಆ ಜಾಗದ ಆಶಾ ಅಕ್ಕನನ್ನು ಹಿಡಿಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲ ಉಚಿತ, ಜನನಿ ಶಿಶು ಸುರಕ್ಷಾ ಅಂತ 2011ರಿಂದಲೇ ಇದೆ. ಕಾಯಿಲೆ ಬಿದ್ದ ಮಗುವಿಗೂ ಒಂದು ವರ್ಷದವರೆಗೆ ಉಚಿತ. ಪ್ರತಿ ತಿಂಗಳು 9ನೇ ತಾರೀಕು ಡಾಕ್ಟರೇ ಗರ್ಭಿಣಿಯರನ್ನು ನೋಡುವ ದಿನ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಇದೆ.

ಆಧಾರ್, ಬ್ಯಾಂಕ್ ಖಾತೆ ಬೇಕೇಬೇಕಾಗುವುದು ದುಡ್ಡಿನ ಯೋಜನೆಗೆ. ಮಾತೃವಂದನಾದಲ್ಲಿ ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಅದನ್ನು ಆಮೇಲೆ ಓಡಾಡಿ ಮಾಡಿಸಿ, ಅದಕ್ಕೋಸ್ಕರ ತಪಾಸಣೆ ನಿಲ್ಲಿಸಬೇಡಿ. ಮಗುವಿನ ಜನನ ನೋಂದಣಿ ಹುಟ್ಟಿದ ಜಾಗದಲ್ಲೇ ಆಗುತ್ತದೆ, ಅದಕ್ಕೆ ನಿಮಗೆ ಮನೆ ಇರಬೇಕಿಲ್ಲ.

ನನಗೆ ಗೊತ್ತಿರುವ ಒಬ್ಬಳು ತಾಯಿ ಕಾರ್ಡನ್ನು ಹಾಲಿನ ಪ್ಯಾಕೆಟ್ ಕವರಿನಲ್ಲಿ ಮಡಚಿ ಎಲೆಅಡಿಕೆ ಸಂಚಿಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಸುಣ್ಣದ ಕಲೆ ಬಿದ್ದಿತ್ತು, ಆದರೆ ಬಿಪಿ, ತೂಕ, ರಕ್ತದ ಗುಂಪು ಎಲ್ಲ ಓದಲು ಬರುತ್ತಿತ್ತು. ಪ್ರತಿ ಪುಟದ ಫೋಟೊ ತೆಗೆದು ನಾಲ್ಕು ಜನರ ಮೊಬೈಲಿಗೂ ಕಳಿಸಿಡಿ.

ಕಾರ್ಡ್ ಇಲ್ಲ ಅಂತ ವಾಪಸ್ ಕಳಿಸಿದ್ರೆ?

ಒಮ್ಮೆ ನನ್ನ ಜೊತೆಯಲ್ಲೇ ಹೀಗಾಗಿದೆ. ನೋವು ತಿನ್ನುತ್ತಿರುವವಳನ್ನು ಒಂದು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿ ಕಾರ್ಡ್ ತನ್ನಿ ಅಂದರು. ಕಾರ್ಡ್ ಇದ್ದ ಶೆಡ್ಡು ಅಲ್ಲಿಂದ ಹದಿನೆಂಟು ಕಿಲೋಮೀಟರ್. ನಾನು ಅಲ್ಲೇ ಕೂತೆ, ಏಳಲಿಲ್ಲ. ಕೊನೆಗೆ ಒಳಗೆ ತೆಗೆದುಕೊಂಡರು.

2010ರಲ್ಲಿ ದೆಹಲಿ ಹೈಕೋರ್ಟ್ ಮುಂದೆ ಎರಡು ಬಡ ಹೆಂಗಸರ ಪ್ರಕರಣ ಬಂತು. ಅದರಲ್ಲಿ ಒಬ್ಬಳು ಸೂರಿಲ್ಲದೆ ಮರದ ಕೆಳಗೆ ಹೆತ್ತವಳು. ತಾಯಿ ಮಗುವಿನ ಆರೋಗ್ಯ ಬದುಕುವ ಹಕ್ಕಿನ ಭಾಗ, ಕಾಗದದ ನೆಪದಲ್ಲಿ ಅದನ್ನು ತಪ್ಪಿಸುವಂತಿಲ್ಲ ಅನ್ನುವುದು ಆ ತೀರ್ಪಿನ ಸಾರ. ಬಾಗಿಲಲ್ಲಿ ನಿಂತವರಿಗೆ ತೀರ್ಪು ಓದಿ ಹೇಳಲು ಹೊತ್ತಿರುವುದಿಲ್ಲ, ಗೊತ್ತು. ಅಲ್ಲಿ ಉಪಯೋಗಕ್ಕೆ ಬರುವ ಮಾತು ಒಂದೇ: "ನೋಡೋದಿಲ್ಲ ಅಂತ ಬರೆದುಕೊಡಿ." ಯಾರೂ ಬರೆದುಕೊಡುವುದಿಲ್ಲ.

ಗಂಡ ಹೊರಗೆ ಹಾಕಿದ. ತವರಿಗೆ ಹೋಗೋ ಹಾಗಿಲ್ಲ. ಎಲ್ಲಿಗೆ ಹೋಗ್ಲಿ?

ಮೊದಲು 181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ. ಹೊಡೆತ ನಡೆಯುತ್ತಿದ್ದರೆ 112. ತೊಂದರೆಗೆ ಸಿಕ್ಕಿದ ಹೆಂಗಸರಿಗಾಗಿ ಸರ್ಕಾರ ನಡೆಸುವ ಸಖಿ ಕೇಂದ್ರದಲ್ಲಿ ಕೆಲವು ದಿನ ಇರಬಹುದು, ಹೆಚ್ಚು ದಿನ ಬೇಕಾದರೆ ಶಕ್ತಿ ಸದನ ಅನ್ನುವ ಆಶ್ರಯ ಮನೆಗೆ ಕಳಿಸುತ್ತಾರೆ. 2005ರ ಕೌಟುಂಬಿಕ ಹಿಂಸೆ ಕಾನೂನಿನಲ್ಲಿ ಒಟ್ಟಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕು ಹೆಂಡತಿಗಿದೆ, ಮನೆ ಯಾರ ಹೆಸರಲ್ಲಿದ್ದರೂ. ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ ಅರ್ಜಿ ಕೊಡಿ. ಸಂಬಂಧಿಕರ ಮನೆ ಜಗಲಿಯಲ್ಲಿ ಒಂದು ತಿಂಗಳು ಕಳೆದು ಆಮೇಲೆ ಫೋನ್ ಮಾಡುವವರೇ ಜಾಸ್ತಿ. ಮೊದಲ ವಾರವೇ ಮಾಡಿ.

ಈ ಸ್ಥಿತೀಲಿ ಮಗು ಬೇಡ ಅನ್ನಿಸ್ತಿದೆ. ಕೇಳೋದು ತಪ್ಪಾ?

ತಪ್ಪಲ್ಲ. ಕಾನೂನಿನ ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ ಒಪ್ಪಿಗೆಯ ಮೇಲೆ ಗರ್ಭ ತೆಗೆಸಬಹುದು. 2021ರ ತಿದ್ದುಪಡಿಯ ನಂತರ ಕೆಲವರಿಗೆ 24 ವಾರದವರೆಗೂ ಅವಕಾಶ ಇದೆ, ಇಬ್ಬರು ಡಾಕ್ಟರು ಒಪ್ಪಬೇಕು. ಅತ್ಯಾಚಾರಕ್ಕೆ ಒಳಗಾದವರು, 18 ತುಂಬದವರು, ಬಸುರಿನಲ್ಲಿ ಗಂಡನನ್ನು ಕಳೆದುಕೊಂಡವರು ಅಥವಾ ವಿಚ್ಛೇದನ ಆದವರು ಆ ಪಟ್ಟಿಯಲ್ಲಿದ್ದಾರೆ. ಸರ್ಕಾರ ವಿಪತ್ತು ಅಂತ ಘೋಷಿಸಿದ ಸ್ಥಿತಿಯಲ್ಲಿ ಸಿಕ್ಕಿಕೊಂಡವರೂ ಇದ್ದಾರೆ, ಇದು ನಮ್ಮ ಜಿಲ್ಲೆಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹದಿನೆಂಟು ತುಂಬಿದವಳಾದರೆ ಗಂಡನ ಸಹಿ ಬೇಕಿಲ್ಲ, ಅವಳ ಒಪ್ಪಿಗೆ ಸಾಕು. ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಂದು ಶೆಡ್ಡಿನಲ್ಲಿ ನುಂಗಬೇಡಿ, ರಕ್ತ ನಿಲ್ಲದಿದ್ದರೆ ನೋಡಲು ಯಾರೂ ಇರುವುದಿಲ್ಲ.

ಮನೆ ಸಿಕ್ಕಾಯ್ತು, ಮಗುನೂ ಚೆನ್ನಾಗಿದೆ. ಆದ್ರೂ ಅಳು ನಿಲ್ತಿಲ್ಲ, ಯಾಕೆ?

ಓಡುತ್ತಿರುವಾಗ ಅಳಲು ಬಿಡುವಿರಲಿಲ್ಲ. ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ, ಮಗುವನ್ನು ಎತ್ತಿಕೊಳ್ಳುವ ಮನಸ್ಸೇ ಇಲ್ಲದಿದ್ದರೆ ಅದು ಬಾಣಂತಿಯರಿಗೆ ಬರುವ ಖಿನ್ನತೆ ಇರಬಹುದು. ಚಿಕಿತ್ಸೆ ಇದೆ, ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. 14416 ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನಿಸಿದರೆ ಒಬ್ಬರೇ ಇರಬೇಡಿ, ಪಕ್ಕದವರನ್ನು ಕರೆದು ಆಗಲೇ ಆಸ್ಪತ್ರೆಗೆ ಹೋಗಿ.

ನಾವು ತೋಟದವರು. ಕೊಯ್ಲು ಮುಗೀತು, ಲೈನ್ ಮನೇಲಿ ಒಬ್ಬಳಿಗೆ ಎಂಟು ತಿಂಗಳು. ಕಳಿಸಬಾರದಾ ಹಾಗಾದ್ರೆ?

ಕೇಳಿದ್ದಕ್ಕೇ ನಿಮಗೆ ಥ್ಯಾಂಕ್ಸ್, ಬಹಳ ಮಂದಿ ಕೇಳುವುದಿಲ್ಲ, ತೋಟದ ಲೆಕ್ಕ ಬರೆಯುವ ರೈಟರ್ ಕೈಲಿ ಹೇಳಿಸಿಬಿಡುತ್ತಾರೆ. ಕಾನೂನಿನ ಮಾತು ಮೊದಲು: ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ ತೋಟದ ಕಾರ್ಮಿಕಳಿಗೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ, ಆ ರಜೆಯಲ್ಲಿ ತೆಗೆದುಹಾಕುವಂತಿಲ್ಲ. ಹೆರಿಗೆಯಾದ ಆರು ವಾರ ಕೆಲಸಕ್ಕೆ ಕರೆಯುವಂತೆಯೂ ಇಲ್ಲ.

ಇನ್ನು ಕಾನೂನಿನಾಚೆಯ ಮಾತು. ಆ ಕೋಣೆಯನ್ನು ಹೆರಿಗೆ ಆಗಿ ಮೂರು ತಿಂಗಳು ಅವಳಿಗೇ ಬಿಡಿ. ಮಳೆಗಾಲದಲ್ಲಿ ಲೈನ್ ಮನೆ ಹೇಗೂ ಅರ್ಧ ಖಾಲಿ ಇರುತ್ತದೆ. ಶೌಚಾಲಯದ ದಾರಿಗೊಂದು ಬಲ್ಬ್ ಹಾಕಿಸಿ. ಆಶಾ ಅಕ್ಕನಿಗೆ ಗೇಟು ತೆಗೆಸಿ, ಅವರು ಹೆರಿಗೆ ನಂತರ 3, 7, 14, 21, 28, 42ನೇ ದಿನ ಬರಬೇಕು, ಎಷ್ಟೋ ತೋಟಗಳಲ್ಲಿ ನಾಯಿ ಬಿಟ್ಟಿರುತ್ತಾರೆ ಅಂತ ಗೇಟಿಂದಲೇ ವಾಪಸ್ ಹೋಗುತ್ತಾರೆ. ಅಸ್ಸಾಂ ಕಡೆಯವಳಾದರೆ ಕನ್ನಡ ಬರುವ ಅವಳ ಕಡೆಯವರೊಬ್ಬರನ್ನು ಜೊತೆಗೆ ಕಳಿಸಿ. ಮತ್ತೆ ನೋವು ಶುರುವಾದ ರಾತ್ರಿ ನಿಮ್ಮ ಜೀಪಿನ ಕೀಲಿ ಎಲ್ಲಿರುತ್ತದೆ ಅಂತ ಅವಳ ಗಂಡನಿಗೆ ಈಗಲೇ ಹೇಳಿಡಿ.